ನಗೆಯೊಳಗಿನ ನೋವು: ‘ಜಿಂಗ್‌ಹುವಾ ಯುವಾನ್’ ಕಾದಂಬರಿಯ ಸ್ತ್ರೀರಾಜ್ಯ

ಚೀನೀ ಹಾಸ್ಯಸಾಹಿತ್ಯದಲ್ಲಿ ಹೆಣ್ಣಿನ ಬದುಕು ಹೇಗೆ ಚಿತ್ರಿತವಾಗಿದೆ ಎಂದು ತಿಳಿಯಬಯಸುವವರು ಲಿ ರುಝೆನ್ ಬರೆದ ‘ಜಿಂಗ್‌ಹುವಾ ಯುವಾನ್’ ಕಾದಂಬರಿಯನ್ನು ಮೊದಲು ಓದಬೇಕು ಎಂಬುದು ನನ್ನ ಅಭಿಪ್ರಾಯ. 19ನೆಯ ಶತಮಾನದ ಪೂರ್ವಾರ್ಧದಲ್ಲಿ ಪ್ರಕಟವಾದ ಈ ಕೃತಿಯಲ್ಲಿ 100 ಅಧ್ಯಾಯಗಳಿವೆ. ಕಥೆ ನಡೆಯುವುದು ಮಾತ್ರ ಅದಕ್ಕಿಂತ ಬಹಳ ಹಿಂದೆ, ಕ್ರಿ.ಶ. 690ರಿಂದ 705ರವರೆಗೆ ಸಿಂಹಾಸನವೇರಿ ಆಳಿದ ಸಾಮ್ರಾಜ್ಞಿ ವು ಝೆಟಿಯನ್‌ಳ ಕಾಲದಲ್ಲಿ.

ಪದವಿ ಕಳೆದುಕೊಂಡ ವಿದ್ವಾಂಸ ತಾಂಗ್ ಆವ್, ವ್ಯಾಪಾರಿಯಾದ ತನ್ನ ಭಾವಮೈದುನ ಲಿನ್ ಝಿಯಾಂಗ್‌ನ ಹಡಗಿನಲ್ಲಿ ವಿಚಿತ್ರ ದೇಶಗಳನ್ನು ಸುತ್ತುತ್ತಾನೆ. ಸಜ್ಜನರ ದೇಶದಲ್ಲಿ ಕೊಳ್ಳುವವನು ಹೆಚ್ಚು ಬೆಲೆ ಕೊಡುತ್ತೇನೆಂದೂ ಮಾರುವವನು ಅಷ್ಟು ಬೇಡವೆಂದೂ ಹಟ ಹಿಡಿದು ಚೌಕಾಸಿ ಮಾಡುವುದು ತಿಳಿಯಾದ ಹಾಸ್ಯ. ಸ್ತ್ರೀರಾಜ್ಯದ ಹಾಸ್ಯ ಹಾಗಲ್ಲ. ಜೈಮಿನಿ ಭಾರತದ ಪ್ರಮೀಳೆಯ ರಾಜ್ಯವನ್ನು ಬಲ್ಲ ನಾವು ಇಲ್ಲೊಂದು ವ್ಯತ್ಯಾಸವನ್ನು ಗಮನಿಸಬೇಕು: ಈ ದೇಶದಲ್ಲಿ ಗಂಡಸರೂ ಇದ್ದಾರೆ, ಆದರೆ ಅವರು ಲಂಗ ತೊಟ್ಟು ಮನೆವಾರ್ತೆ ನೋಡಿಕೊಳ್ಳುತ್ತಾರೆ, ಟೊಪ್ಪಿ, ಬೂಟು ಧರಿಸಿ ಹೊರಗಿನ ವ್ಯವಹಾರ ನಡೆಸುವವರು ಹೆಂಗಸರು.

ಸೌಂದರ್ಯ ಸಾಮಗ್ರಿ ಮಾರಲು ಅರಮನೆಗೆ ಹೋದ ಲಿನ್ ಝಿಯಾಂಗ್‌ನನ್ನು ಅಲ್ಲಿನ ದೊರೆ ಮೆಚ್ಚಿ, ರಾಣಿವಾಸಕ್ಕೆ ಸೇರಿಸಿಕೊಳ್ಳುತ್ತಾಳೆ. ಗಡ್ಡಧಾರಿ ‘ದಾಸಿಯರು’ ಅವನ ಕಿವಿ ಚುಚ್ಚುತ್ತಾರೆ. ಅನಂತರ ಕಾಲ್ಬೆರಳುಗಳ ಸಂದಿಗೆ ಪಟಿಕದ ಪುಡಿ ಉದುರಿಸಿ, ಐದೂ ಬೆರಳುಗಳನ್ನು ಒತ್ತಾಗಿ ಸೇರಿಸಿ, ಪಾದವನ್ನು ಬಿಲ್ಲಿನಂತೆ ಬಗ್ಗಿಸಿ, ಬಿಳಿಯ ರೇಷ್ಮೆ ಬಟ್ಟೆಯನ್ನು ಬಿಗಿಯಾಗಿ ಸುತ್ತಿ, ಸೂಜಿದಾರದಿಂದ ಹೊಲಿದುಬಿಡುತ್ತಾರೆ. ನೋವು ತಾಳಲಾರದೆ ಆತ ಕಟ್ಟು ಬಿಚ್ಚಿದರೆ ಬೆತ್ತದೇಟು ಬೀಳುತ್ತದೆ. ಗಡ್ಡದ ದಾಸಿಯನ್ನು ಕಂಡು ನಕ್ಕ ಓದುಗನು ಈ ವಿವರಗಳಿಗೆ ಬರುವ ಹೊತ್ತಿಗೆ ನಗಲಾರನು. ಏಕೆಂದರೆ ಇದರಲ್ಲಿ ಕಲ್ಪಿತವಾದದ್ದು ಗಂಡಿನ ಪಾದವೊಂದೇ, ಉಳಿದುದೆಲ್ಲ, ಪಾದ ಚಿಕ್ಕದಾಗಿರಲೆಂದು ಬಿಗಿದು ಕಟ್ಟುವ ಪದ್ಧತಿಯಿಂದಾಗಿ, ಚೀನಾದ ಅಸಂಖ್ಯ ಹೆಣ್ಣುಮಕ್ಕಳು ಎಳವೆಯಲ್ಲೇ ಅನುಭವಿಸಿದ್ದು.

ಆದರೂ ಇದನ್ನು ಬಂಡಾಯದ ಕೃತಿಯೆಂದು ಸುಮ್ಮನೆ ಬರೆದುಬಿಡಬಾರದು. ಹೆಣ್ಣಿನ ನಡತೆಯ ಬಗ್ಗೆ ಪ್ರಾಚೀನ ಚೀನಾದ ವಿದುಷಿ ಬಾನ್ ಝಾವೋ ಹೇಳಿದ ನಾಲ್ಕು ಗುಣಗಳನ್ನು ಗೌರವದಿಂದ ಸ್ಮರಿಸಿಯೇ ಕಾದಂಬರಿ ಆರಂಭವಾಗುತ್ತದೆ. ಉತ್ತರಾರ್ಧದಲ್ಲಿ ಸಾಮ್ರಾಜ್ಞಿಯು ಹೆಣ್ಣುಮಕ್ಕಳಿಗಾಗಿ ನಡೆಸುವ ಪರೀಕ್ಷೆಯಲ್ಲಿ 100 ಮಂದಿ ತೇರ್ಗಡೆಯಾಗುತ್ತಾರೆ. ಬಿರುದು, ಸನ್ಮಾನಗಳೂ ದೊರೆಯುತ್ತವೆ. ಆದರೆ ಅವರಲ್ಲಿ ಕೆಲವರಿಗೆ ರಾಜ್ಯವಾಳುವ ಹೊಣೆ ಸಿಗುವುದು ಸ್ವದೇಶದಲ್ಲಲ್ಲ, ಮರಳಿ ಆ ಸ್ತ್ರೀರಾಜ್ಯಕ್ಕೆ ಹೋದಾಗಲೇ.