ಮಗಳ ಮದುವೆ ಎಫ್‌ಡಿ ಮುಟ್ಟಲ್ಲ, ಕಾರ್ಡ್ ಬಡ್ಡಿ ಮಾತ್ರ ಕಟ್ತಾನೇ ಇರ್ತೀವಿ

ಹೋದ ತಿಂಗಳು ಗಂಡ ಹೆಂಡ್ತಿ ಇಬ್ರು ದುಡ್ಡಿನ ವಿಷಯಕ್ಕೆ ಸಲಹೆ ಕೇಳೋಕೆ ನನ್ನ ಹತ್ರ ಬಂದಿದ್ರು, ಇಬ್ರೂ ಕೆಲಸದಲ್ಲಿದಾರೆ, ಕ್ರೆಡಿಟ್ ಕಾರ್ಡಲ್ಲಿ ಒಂದೂವರೆ ಲಕ್ಷ ಬಾಕಿ, ತಿಂಗಳಿಗೆ ಕಟ್ಟಲೇಬೇಕಾದ ಕನಿಷ್ಠ ಮೊತ್ತ (ಮಿನಿಮಮ್ ಡ್ಯೂ) ಮಾತ್ರ ಕಟ್ಕೊಂಡು ಹೇಗೋ ತಳ್ತಾ ಇದ್ರು. ಉಳಿತಾಯ ಏನಾದ್ರೂ ಇದ್ಯಾ ಅಂತ ಕೇಳ್ದೆ. "ನಾಲ್ಕು ಲಕ್ಷದ ಎಫ್‌ಡಿ ಇದೆ ಮೇಡಂ, ಆದ್ರೆ ಅದು ಮಗಳ ಮದುವೆಗೆ ಅಂತ ಇಟ್ಟಿರೋದು, ಅದನ್ನ ಮುಟ್ಟೋ ಮಾತೇ ಬೇಡ" ಅಂದ್ರು ಆಕೆ. ಮಗಳಿನ್ನೂ ಆರನೇ ಕ್ಲಾಸು.

ಪೇಪರ್ ತಗೊಂಡು ಲೆಕ್ಕ ಹಾಕಿದ್ವಿ. ಕಾರ್ಡ್ ಬಡ್ಡಿ ತಿಂಗಳಿಗೆ 3.5 ಪರ್ಸೆಂಟ್, ಒಂದೂವರೆ ಲಕ್ಷಕ್ಕೆ 5,250 ರೂಪಾಯಿ, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಬೇರೆ. ಅಷ್ಟೇ ದುಡ್ಡು ಎಫ್‌ಡಿಲಿ ಕೂತು 7 ಪರ್ಸೆಂಟ್ ಲೆಕ್ಕದಲ್ಲಿ ತಿಂಗಳಿಗೆ ದುಡಿಯೋದು 875.

ಇದನ್ನ ದಡ್ಡತನ ಅನ್ನಕ್ಕೆ ನಂಗೆ ಮನಸ್ಸು ಬರಲ್ಲ. ನಮ್ಮ ಅಮ್ಮಂದಿರು ಸಾಸಿವೆ ಡಬ್ಬೀಲಿ ಒಂದು, ಬೇಳೆ ಡಬ್ಬೀಲಿ ಒಂದು ಅಂತ ನೋಟು ಮಡಚಿಡ್ತಿದ್ರಲ್ಲ, ಹಾಲಿನವನಿಗೆ ಅಂತ ಇಟ್ಟಿದ್ದನ್ನ ಸೀರೆಗೆ ತೆಗೀತಿರಲಿಲ್ಲ, ಅದೇ ಕೆಲಸ ತಲೇಲೂ ನಡೆಯುತ್ತೆ. ಇದಕ್ಕೆ ಮೆಂಟಲ್ ಅಕೌಂಟಿಂಗ್ ಅಂತ ಹೆಸರಿಟ್ಟಿದ್ದು ರಿಚರ್ಡ್ ಥೇಲರ್, 2017ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಬಂತಲ್ಲ, ಅವರೇ. ಅದಕ್ಕೂ ಮುಂಚೆ 1981ರಲ್ಲಿ ಟ್ವೆರ್ಸ್ಕಿ ಮತ್ತೆ ಕಾನ್ಮನ್ ಅನ್ನೋ ಇಬ್ರು ಮನಶ್ಶಾಸ್ತ್ರಜ್ಞರು ಜನರಿಗೆ ಒಂದು ಪ್ರಶ್ನೆ ಕೇಳಿದ್ರು: ನಾಟಕಕ್ಕೆ ಹೋಗ್ತಾ 10 ಡಾಲರ್ ನೋಟು ಕಳ್ಕೊಂಡ್ರೆ ಟಿಕೆಟ್ ತಗೊಳ್ತೀರಾ? 88 ಪರ್ಸೆಂಟ್ ಜನ ಹೂಂ ಅಂದ್ರು. ಅದೇ 10 ಡಾಲರಿನ ಟಿಕೆಟ್ಟೇ ಕಳೆದುಹೋದ್ರೆ ಇನ್ನೊಂದು ತಗೊಳ್ತೀರಾ ಅಂದಾಗ ಹೂಂ ಅಂದಿದ್ದು 46 ಪರ್ಸೆಂಟ್. ನಷ್ಟ ಅಷ್ಟೇ, ಆದ್ರೆ ನಾಟಕದ ಡಬ್ಬಿ ಆಗಲೇ ಖಾಲಿಯಾಗಿತ್ತು.

ಎಫ್‌ಡಿ ಮುರೀರಿ ಅಂತ ನಾನು ಮೊದಮೊದಲು ಎಲ್ರಿಗೂ ಹೇಳ್ತಿದ್ದೆ, ಈಗ ಹೇಳಲ್ಲ. ಆಕೆ ಕೇಳಿದ್ದೂ ಅದೇ: "ಒಂದ್ಸಲ ಮುರಿದ್ರೆ ಮತ್ತೆ ಕೂಡಿಡ್ತೀವಾ ಮೇಡಂ?" ಆ ಭಯ ನಿಜವಾದ್ದು, ಎಷ್ಟೋ ಮನೇಲಿ ಮದುವೆಗೆ, ಓದಿಗೆ ಅಂತ ಬರೆದಿಟ್ಟ ಹೆಸರೇ ದುಡ್ಡನ್ನ ಕಾಯ್ತಿರೋದು, ಅದನ್ನ ಕಿತ್ತುಹಾಕಿದ್ರೆ ಕಾರ್ಡೂ ತೀರಲ್ಲ ಎಫ್‌ಡಿನೂ ಉಳಿಯಲ್ಲ.

ಅದಕ್ಕೆ ಎಫ್‌ಡಿ ಮೇಲೇ ಸಾಲ ತಗೊಳ್ಳಿ ಅಂದೆ. ಬಡ್ಡಿ ಎಫ್‌ಡಿ ದರಕ್ಕಿಂತ ಒಂದೆರಡು ಪರ್ಸೆಂಟ್ ಜಾಸ್ತಿ ಅಷ್ಟೇ, 9 ಪರ್ಸೆಂಟ್ ಅಂತಿಟ್ಕೊಂಡ್ರೂ ಒಂದೂವರೆ ಲಕ್ಷಕ್ಕೆ ತಿಂಗಳಿಗೆ 1,125. (ಎಫ್‌ಡಿ ಇವರಿಬ್ರ ಹೆಸರಲ್ಲಿತ್ತು, ಮೈನರ್ ಮಕ್ಕಳ ಹೆಸರಲ್ಲಿದ್ರೆ ಸಾಮಾನ್ಯವಾಗಿ ಈ ಸಾಲ ಸಿಗಲ್ಲ, ಅದನ್ನ ಮೊದಲೇ ನೋಡ್ಕೊಳ್ಳಿ.) ಕಾರ್ಡ್ ಬಾಕಿ ಪೂರ್ತಿ ತೀರಿಸಿ, ಇಷ್ಟು ದಿನ ಕಾರ್ಡಿಗೆ ಹೋಗ್ತಿದ್ದ ದುಡ್ಡು ಸಂಬಳ ಬಂದ ಮಾರನೇ ದಿನವೇ ಸಾಲದ ಖಾತೆಗೆ ತಾನಾಗೇ ಹೋಗೋ ಹಾಗೆ ಬ್ಯಾಂಕಲ್ಲಿ ಬರೆದುಕೊಟ್ಟು ಬನ್ನಿ ಅಂದೆ.

ಗಂಡ ಆಗಲೇ ಫೋನಲ್ಲಿ ಲೆಕ್ಕ ಹಾಕ್ತಾ ಇದ್ರು. ಆಕೆ ಮಾತ್ರ ಇನ್ನೊಂದ್ಸಲ ಕೇಳಿದ್ರು, "ಎಫ್‌ಡಿ ಹಾಗೇ ಇರುತ್ತಲ್ವಾ?" ಇರುತ್ತಮ್ಮ, ಸಾಲ ತೀರೋವರೆಗೂ ಬ್ಯಾಂಕಿನ ಹತ್ರ ಅಡ ಇರುತ್ತೆ, ಬಡ್ಡೀನೂ ಬರ್ತಾನೇ ಇರುತ್ತೆ ಅಂದೆ. ಸೋಮವಾರವೇ ಬ್ಯಾಂಕಿಗೆ ಹೋಗಿಬಂದ್ರು.