ಏಳನೇ ಕ್ಲಾಸ್ ಮುಗಿದ ಮೇಲೆ: ಹಟ್ಟಿ, ತಾಂಡಾಗಳ ಹುಡುಗಿಯರ ಓದಿನ ಕಥೆ

ಚಿತ್ರದುರ್ಗ ಜಿಲ್ಲೆಯಲ್ಲಿ 2011ರ ಜನಗಣತಿ ಹೊತ್ತಿಗೆ ಓದು ಬರಹ ಬಲ್ಲ ಗಂಡಸರು ನೂರಕ್ಕೆ ಸುಮಾರು 81, ಹೆಂಗಸರು ಸುಮಾರು 66. ಇಷ್ಟು ಅಂತರ ಯಾಕೆ ಎಂದು ಕೇಳಿದರೆ ಸಾಮಾನ್ಯವಾಗಿ ಸಿಗುವ ಉತ್ತರ, 'ಅಪ್ಪ ಅಮ್ಮನಿಗೆ ಆಸಕ್ತಿ ಇಲ್ಲ'. ಸುಮ್ನೆ ಹೇಳುವ ಮಾತಿದು. ಹಳೆಯದನ್ನು ಕೆದಕಿದರೆ ಬೇರೆ ಕಾರಣಗಳೇ ಸಿಗುತ್ತವೆ.

ಮೈಸೂರು ಸಂಸ್ಥಾನದಲ್ಲಿ ಕಡ್ಡಾಯ ಪ್ರಾಥಮಿಕ ಶಿಕ್ಷಣಕ್ಕೆ ಕಾನೂನು ಬಂದದ್ದು 1913ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ. ಆಗ ಕಡ್ಡಾಯದ ಮಾತು ಗಂಡುಮಕ್ಕಳಿಗೆ, ಅದೂ ಆಯ್ದ ಊರುಗಳಲ್ಲಿ. ಅಡವಿ ಅಂಚಿನ ಕಾಡುಗೊಲ್ಲರ ಹಟ್ಟಿ, ಲಂಬಾಣಿಗರ ತಾಂಡಾಗಳ ಹುಡುಗಿಯರು ಆ ಲೆಕ್ಕದಲ್ಲೇ ಇರಲಿಲ್ಲ.

ಲೆಕ್ಕದಲ್ಲಿ ಇಲ್ಲದಿರುವುದು ಅಂದರೆ ಏನು? ಸರ್ಕಾರಿ ದಾಖಲೆಯಲ್ಲಿ ಎಷ್ಟೋ ತಾಂಡಾ, ಗೊಲ್ಲರಹಟ್ಟಿಗಳು ಊರುಗಳೇ ಆಗಿರಲಿಲ್ಲ. ಪಕ್ಕದ ಕಂದಾಯ ಗ್ರಾಮದ ಸರ್ವೆ ನಂಬರಿನೊಳಗೆ ಎಲ್ಲೋ ಒಂದು ಗುಂಪು ಮನೆ, ಅಷ್ಟೇ. 'ದಾಖಲೆ ರಹಿತ ಜನವಸತಿ' ಎಂಬುದು ಕಚೇರಿ ಭಾಷೆ. ಊರಿಗೇ ದಾಖಲೆ ಇಲ್ಲದಿದ್ದರೆ ರಸ್ತೆ, ಅಂಗನವಾಡಿ, ಶಾಲೆ ಕೇಳುವುದು ಯಾವ ಹೆಸರಿನಲ್ಲಿ? ಇವನ್ನು ಕಂದಾಯ ಗ್ರಾಮ ಮಾಡಿ ಮನೆಗಳಿಗೆ ಹಕ್ಕುಪತ್ರ ಕೊಡಲು ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ತಂದದ್ದು 2016ರಲ್ಲಿ. ಸ್ವಾತಂತ್ರ್ಯ ಬಂದು ಸುಮಾರು ಎಪ್ಪತ್ತು ವರ್ಷ ಆದ ಮೇಲೆ, ನೋಡಿ.

ಇನ್ನು ಗುಳೆ. ಜಗಳೂರು, ಹೊಳಲ್ಕೆರೆ, ಹೊಸದುರ್ಗದ ಕಡೆಯ ಲಂಬಾಣಿ ಕುಟುಂಬಗಳು ಸುಗ್ಗಿ ಮುಗಿಸಿ ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಕ್ಕೋ ಕಬ್ಬು ಕಡಿಯಲೋ ಹೋಗುವುದು ಹೊಸದಲ್ಲ. ಮಳೆ ಕೈಕೊಟ್ಟ ವರ್ಷ ಹೋಗುವವರು ಜಾಸ್ತಿ. ಹುಡುಗನನ್ನು ಅಜ್ಜಿ ಹತ್ತಿರ ಬಿಟ್ಟು ಹೋಗುತ್ತಾರೆ, ಶಾಲೆಗೆ ಹೋಗಲಿ ಅಂತ. ಹುಡುಗಿಯನ್ನು ಕರೆದುಕೊಂಡೇ ಹೋಗುತ್ತಾರೆ, ಯಾಕೆಂದರೆ ತೋಟದಲ್ಲಿ ಕೂಸು ನೋಡಿಕೊಳ್ಳಲು ಒಬ್ಬರು ಬೇಕಲ್ವಾ? ಕಾಫಿ ಕೊಯ್ಲು ಮುಗಿಸಿ ವಾಪಸ್ ಬರುವಷ್ಟರಲ್ಲಿ ಪರೀಕ್ಷೆ ಬಾಗಿಲಲ್ಲಿರುತ್ತದೆ. ಟೆಂಟ್ ಶಾಲೆ, ಋತುಮಾನದ ವಸತಿ ಶಾಲೆಗಳನ್ನು ಸರ್ವ ಶಿಕ್ಷಾ ಅಭಿಯಾನ ಮಾಡಿದ್ದು ಇಂಥ ಮಕ್ಕಳಿಗೇ.

ಭಾಷೆಯದು ಇನ್ನೊಂದು ತೊಡಕು. ತಾಂಡಾದ ಮಗು ಆರು ವರ್ಷದವರೆಗೆ ಮಾತಾಡುವುದು ಲಂಬಾಣಿ. ಮೊಳಕಾಲ್ಮುರು, ಚಳ್ಳಕೆರೆಯ ಆಂಧ್ರ ಗಡಿಯ ಎಷ್ಟೋ ಮನೆಗಳಲ್ಲಿ ತೆಲುಗು. ಮೇಷ್ಟ್ರು ಬಂದವರೇ ಕನ್ನಡದಲ್ಲಿ ಪಾಠ ಶುರು ಮಾಡುತ್ತಾರೆ. ಮಗು ಬಾಯಿ ಬಿಡುವುದಿಲ್ಲ, 'ದಡ್ಡಿ' ಅನ್ನಿಸಿಕೊಳ್ಳುತ್ತದೆ. ದಾವಣಗೆರೆ ಪೇಟೆಯಲ್ಲಿ ಉರ್ದು ಶಾಲೆ ಮುಗಿಸಿದ ಹುಡುಗಿಗೆ ಇದೇ ಕಷ್ಟ ತಡವಾಗಿ ಎದುರಾಗುತ್ತದೆ, ಹೈಸ್ಕೂಲಿಗೋ ಪಿಯುಸಿಗೋ ಕನ್ನಡ, ಇಂಗ್ಲಿಷ್ ಮಾಧ್ಯಮಕ್ಕೆ ಹೋದಾಗ. ಅದರ ಮೇಲೆ 2022ರ ಫೆಬ್ರವರಿಯಲ್ಲಿ ಹಿಜಾಬ್ ಗಲಾಟೆ ಹರಿಹರ, ದಾವಣಗೆರೆಗೂ ಬಂತು. ಮಾರ್ಚ್ 15ರಂದು ಹೈಕೋರ್ಟ್ ಸರ್ಕಾರದ ಸಮವಸ್ತ್ರ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಒಂದಕ್ಕೊಂದು ವಿರುದ್ಧವಾದ ಎರಡು ತೀರ್ಪು ಕೊಟ್ಟರು.

ಗೊಲ್ಲರಹಟ್ಟಿಗಳದು ಎಲ್ಲಕ್ಕಿಂತ ಗಟ್ಟಿ ತಡೆ. ಕಾಡುಗೊಲ್ಲರಲ್ಲಿ ಮುಟ್ಟಾದವರು, ಬಾಣಂತಿಯರು ಹಟ್ಟಿಯ ಹೊರಗಿರಬೇಕು ಎಂಬ ಕಟ್ಟುಪಾಡು ಎಷ್ಟೋ ಕಡೆ ಇನ್ನೂ ನಡೆಯುತ್ತಿದೆ. ಹುಡುಗಿ ಮೈನೆರೆಯುವುದು ಹೆಚ್ಚು ಕಡಿಮೆ ಏಳನೇ, ಎಂಟನೇ ಕ್ಲಾಸಿನಲ್ಲಿ. ಅಲ್ಲಿಂದ ಮುಂದೆ ಪ್ರತಿ ತಿಂಗಳೂ 'ಹೊರಗಾದ' ದಿನಗಳು. ಪುಸ್ತಕ ಒಳಗೆ, ಓದುವವಳು ಹೊರಗೆ. ಹೀಗೆ ಹೊರಗಿಡುವುದನ್ನು 2017ರ ಮೌಢ್ಯ ನಿಷೇಧ ಕಾಯ್ದೆ ಅಪರಾಧ ಎಂದಿತು. ಅದಕ್ಕೂ ಮುಂಚೆ ಸರ್ಕಾರವೇ ಹಟ್ಟಿಗಳ ಹೊರಗೆ ಇದಕ್ಕೆಂದೇ ಕೃಷ್ಣ ಕುಟೀರಗಳನ್ನು ಕಟ್ಟಿಸಿತ್ತು. ಮಳೆ, ಚಳಿಗೆ ನೆರಳು ಸಿಕ್ಕಿತು ನಿಜ. ಆದರೆ ಹೊರಗಿಡುವುದಕ್ಕೆ ಒಂದು ಸರ್ಕಾರಿ ಕಟ್ಟಡವೂ ಸಿಕ್ಕ ಹಾಗಾಯಿತು ಎಂದು ನನಗೆ ಅನ್ನಿಸುತ್ತದೆ.

ಹಾಗಂತ ಏನೂ ಬದಲಾಗಿಲ್ಲ ಎಂದಲ್ಲ. 2002ರಲ್ಲಿ ರಾಜ್ಯದಲ್ಲಿ ಬಿಸಿಯೂಟ ಶುರುವಾಯಿತು, ಮರುವರ್ಷ ನಮ್ಮ ಕಡೆಗೂ ಬಂತು. 2010ರಿಂದ ಜಾರಿಯಾದ ಶಿಕ್ಷಣ ಹಕ್ಕು ಕಾಯ್ದೆ ಒಂದು ಕಿಲೋಮೀಟರ್ ಒಳಗೆ ಕಿರಿಯ ಪ್ರಾಥಮಿಕ ಶಾಲೆ ಇರಬೇಕು ಎಂದಿತು. ಈಗ ಒಂದನೇ ಕ್ಲಾಸಿಗೆ ಸೇರದ ಹುಡುಗಿ ಅಪರೂಪ. ಆದರೆ ಆ ಕಾಯ್ದೆ 14 ವರ್ಷಕ್ಕೆ ನಿಲ್ಲುತ್ತದೆ. ಹೈಸ್ಕೂಲು ದೊಡ್ಡ ಊರಿನಲ್ಲಿ, ಪಿಯು ಕಾಲೇಜು ಹೋಬಳಿಯಲ್ಲೋ ತಾಲ್ಲೂಕಿನಲ್ಲೋ. ಅಂದರೆ ಹಿಂದೆ ಶಾಲೆ ಬಾಗಿಲಲ್ಲೇ ನಿಲ್ಲುತ್ತಿದ್ದವರು ಈಗ ಎಂಟು, ಹತ್ತನೇ ಕ್ಲಾಸಿನ ಹತ್ತಿರ ನಿಲ್ಲುತ್ತಿದ್ದಾರೆ.

ಈ ದೂರಕ್ಕೆ ಸಿಕ್ಕ ಒಳ್ಳೆಯ ಉತ್ತರ ಸೈಕಲ್. 2006-07ರಿಂದ ಎಂಟನೇ ಕ್ಲಾಸಿನವರಿಗೆ ಕೊಡುತ್ತಿದ್ದರು. ಕೋವಿಡ್ ಹೊತ್ತಿಗೆ ನಿಂತಿತು. 2023ರ ಜೂನ್‌ನಿಂದ ಶಕ್ತಿ ಯೋಜನೆ ಬಂದು ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ದುಡ್ಡು ಉಳಿಯಿತು. ಬಸ್ಸೇ ಬರದ ತಾಂಡಾಕ್ಕೆ ಅದರಿಂದ ಏನು ಲಾಭ? ಎಸ್ಸೆಸ್ಸೆಲ್ಸಿ ಸ್ಪೆಷಲ್ ಕ್ಲಾಸ್ ಮುಗಿಯುವಾಗ ಕತ್ತಲಾದರೆ ಮನೆಯವರು 'ಸಾಕು ಬಿಡು' ಅನ್ನುತ್ತಾರೆ, ತಪ್ಪು ಅನ್ನಲು ನನಗೆ ಬಾಯಿ ಬರುವುದಿಲ್ಲ. ಅದಕ್ಕೇ ಜೂನ್ ಬಂತೆಂದರೆ ಹೆತ್ತವರು ಕೇಳುವುದು ಕಾಲೇಜಿನ ಹೆಸರಲ್ಲ, ಹಾಸ್ಟೆಲ್ ಸೀಟು. ಸಿಕ್ಕರೆ ಪಿಯುಸಿ. ಸಿಗದಿದ್ದರೆ ಮನೆಯಲ್ಲಿ ಮದುವೆ ಮಾತು ಶುರು.