ಬೆಳಗಿನ ಆರು ಗಂಟೆಗೆ ಯಾವ ಜಾಝ್?

ಬೆಳಿಗ್ಗೆ ಆರೂವರೆಗೆ ಯಾರೂ ಕೂತು ರೇಡಿಯೊ ಕೇಳುವುದಿಲ್ಲ. ಮಕ್ಕಳ ಊಟದ ಡಬ್ಬಿ ತುಂಬುತ್ತಾ, ಕಾರಿನ ಗಾಜಿನ ಮೇಲಿನ ಮಂಜು ಕೆರೆಯುತ್ತಾ ಕೇಳುತ್ತಾರೆ. ಅಮೆರಿಕದ ಮಿಡ್‌ವೆಸ್ಟ್‌ನ ಒಂದು ಊರಿನಲ್ಲಿ, ಕೇಳುಗರ ದೇಣಿಗೆಯಿಂದ ನಡೆಯುವ ಕೇಂದ್ರವೊಂದರಲ್ಲಿ, ಆರರಿಂದ ಒಂಬತ್ತರವರೆಗೆ ಜಾಝ್ ಮತ್ತು ಹಳೆಯ ಪಾಪ್ ಹಾಡು ಹಾಕುವುದು ನನ್ನ ಕೆಲಸ. ಊರಿನ ಗೆಳೆಯರು ಫೋನ್ ಮಾಡಿದಾಗ ಕೇಳುತ್ತಾರೆ: 'ಹಾಡು ಹಾಕೋದರಲ್ಲಿ ಆರಿಸೋದು ಏನಿದೆ? ಒಳ್ಳೆಯ ಹಾಡಾದರೆ ಸಾಕಲ್ವಾ?'

ಸಾಲದು. ನಾನು ಆರಿಸುವುದು ಹಾಡನ್ನಲ್ಲ, ಒಂದು ರೆಕಾರ್ಡಿಂಗನ್ನು.

ಜಾಝ್‌ನಲ್ಲಿ ಸ್ಟ್ಯಾಂಡರ್ಡ್ ಅಂದರೆ ಎಲ್ಲ ಕಲಾವಿದರಿಗೂ ಬಾಯಿಪಾಠವಾಗಿರುವ ಹಾಡು. ಹೆಚ್ಚಿನವು 1920ರಿಂದ 50ರ ದಶಕದವರೆಗೆ ಬ್ರಾಡ್‌ವೇ ನಾಟಕಗಳಿಗೂ ಹಾಲಿವುಡ್ ಸಿನಿಮಾಗಳಿಗೂ ಬರೆದವು. ನಮ್ಮಲ್ಲಿ 'ವಾತಾಪಿ ಗಣಪತಿಂ' ಯಾರು ಹಾಡಿದರೂ ಕೃತಿ ಅದೇ, ಆದರೆ ಕಛೇರಿಯಿಂದ ಕಛೇರಿಗೆ ಅದರ ಮುಖವೇ ಬೇರೆ. ಇಲ್ಲೂ ಹಾಗೇ. ಒಂದು ವ್ಯತ್ಯಾಸ ಇದೆ. ನಮಗೆ ಭೂಪಾಳ, ಬೌಳಿ ಅಂತ ಬೆಳಗಿನ ರಾಗಗಳಿವೆ. ಜಾಝ್‌ಗೆ ಹೊತ್ತಿನ ಕಟ್ಟುಪಾಡು ಇಲ್ಲ. ಕಿವಿಯೇ ಹೇಳಬೇಕು.

ಹೆಸರನ್ನು ನಂಬಿದರೆ ಕೆಟ್ಟಿರಿ. 'ಸಾಫ್ಟ್‌ಲಿ, ಆ್ಯಸ್ ಇನ್ ಎ ಮಾರ್ನಿಂಗ್ ಸನ್‌ರೈಸ್' ಅಂತ 1928ರ ಹಾಡೊಂದಿದೆ. ಹೆಸರಲ್ಲೇ ಸೂರ್ಯೋದಯ ಇದೆ. ಹಾಡಿನ ಮಾತು ಕೇಳಿದರೆ, ಸೂರ್ಯನ ಹಾಗೆ ಹುಟ್ಟಿ ಸೂರ್ಯನ ಹಾಗೇ ಮುಳುಗುವ ಪ್ರೀತಿಯ ಕಥೆ, ಕೊಟ್ಟ ಮಾತು ಮುರಿದ ನೋವು. ಹಾಡಿದ್ದನ್ನು ನಾನು ಬೆಳಿಗ್ಗೆ ಹಾಕುವುದಿಲ್ಲ. ಅದನ್ನೇ ಸನ್ನಿ ಕ್ಲಾರ್ಕ್ 1957ರಲ್ಲಿ ತಮ್ಮ ಟ್ರಯೊ, ಅಂದರೆ ಮೂವರ ತಂಡದ ಜೊತೆ ಪಿಯಾನೊದಲ್ಲಿ ನುಡಿಸಿದ್ದಾರೆ. ಮಾತು ಹೋಯಿತು, ನಡಿಗೆ ಉಳಿಯಿತು. ಅದು ಬೆಳಗಿಗೆ ಚೆನ್ನಾಗಿ ಒದಗುತ್ತದೆ.

ಇದನ್ನು ನಾನು ಕಲಿತದ್ದು ಒಂದು ತಪ್ಪಿನಿಂದ. ಮೊದಲ ವರ್ಷ ಒಂದು ಸೋಮವಾರ, ಏಳಕ್ಕೂ ಮುಂಚೆ, ಬಿಲ್ಲಿ ಹಾಲಿಡೇ ಅವರ 1946ರ 'ಗುಡ್ ಮಾರ್ನಿಂಗ್ ಹಾರ್ಟೇಕ್' ಹಾಕಿದೆ. ಅದ್ಭುತ ಹಾಡು. ಎದ್ದ ಕೂಡಲೇ ದುಃಖಕ್ಕೆ ಶುಭೋದಯ ಹೇಳುವ ಹೆಂಗಸಿನ ಹಾಡು. ಸ್ವಲ್ಪ ಹೊತ್ತಿಗೆ ಒಬ್ಬ ಹಿರಿಯರು ಫೋನ್ ಮಾಡಿದರು. ಬೈಯಲಿಲ್ಲ. ಹೆಂಡತಿ ತೀರಿಹೋಗಿ ಒಂದು ತಿಂಗಳಾಗಿದೆ, ರೇಡಿಯೊ ಆಫ್ ಮಾಡಬೇಕಾಯಿತು ಅಂದರು, ಅಷ್ಟೇ. ರಾತ್ರಿ ಹನ್ನೊಂದಕ್ಕೆ ಆ ಹಾಡು ಕೇಳುವವರು ಅದಕ್ಕೆ ಮನಸ್ಸು ಸಿದ್ಧಮಾಡಿಕೊಂಡು ಕೂತಿರುತ್ತಾರೆ. ಬೆಳಿಗ್ಗೆ ಯಾರಿಗೂ ಆ ರಕ್ಷಣೆ ಇರುವುದಿಲ್ಲ. ಅಂದಿನಿಂದ ಪ್ರತಿ ಹಾಡಿನ ಮಾತನ್ನೂ ಪೂರ್ತಿ ಕೇಳಿಯೇ ಪಟ್ಟಿಗೆ ಸೇರಿಸುತ್ತೇನೆ.

ಇನ್ನು ಹಾಡಿನ ಬಾಗಿಲು, ಅಂದರೆ ಮೊದಲ ಹದಿನೈದು ಸೆಕೆಂಡು. 'ಆಟಮ್ ಲೀವ್ಸ್' ತೆಗೆದುಕೊಳ್ಳಿ. ಮೂಲ ಫ್ರೆಂಚ್ ಹಾಡು, ರಾಗ ಜೋಸೆಫ್ ಕೊಸ್ಮಾ ಅವರದು. ಇಂಗ್ಲಿಷ್ ಮಾತು ಬರೆದವರು ಜಾನಿ ಮರ್ಸರ್. ಸ್ಯಾಕ್ಸೊಫೋನ್ ವಾದಕ ಕ್ಯಾನನ್‌ಬಾಲ್ ಆ್ಯಡರ್ಲಿ 1958ರಲ್ಲಿ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಜೊತೆ ನುಡಿಸಿದ್ದು ಸುಮಾರು ಹನ್ನೊಂದು ನಿಮಿಷ. ಶುರುವೇ ಗಾಢ. ಪಲ್ಲವಿಗೆ ಬರುವ ಮೊದಲು ಕತ್ತಲಲ್ಲಿ ಹೆಜ್ಜೆ ಇಟ್ಟ ಹಾಗಿರುತ್ತದೆ. ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ 'ಆಟಮ್ ಲೀವ್ಸ್' ಇಲ್ಲ. ಆದರೂ ಬೆಳಿಗ್ಗೆ ಬೇಡ. ಪಿಯಾನೊ ವಾದಕ ಬಿಲ್ ಇವಾನ್ಸ್ ಅವರ ಟ್ರಯೊ 1959ರ ಡಿಸೆಂಬರ್‌ನಲ್ಲಿ ರೆಕಾರ್ಡ್ ಮಾಡಿದ್ದು ಇದರ ಅರ್ಧದಷ್ಟು ಉದ್ದ. ಪುಟ್ಟ ಪೀಠಿಕೆ, ತಕ್ಷಣ ರಾಗ, ಚುರುಕು ನಡೆ. ಎಲೆ ಉದುರುವ ಹಾಡೇ ಕಿಟಕಿ ತೆರೆದ ಹಾಗೆ ಕೇಳುತ್ತದೆ.

ಅದನ್ನೂ ನಾನು ಆರೂಕಾಲಕ್ಕೆ ಹಾಕುತ್ತೇನೆ, ಎಂಟಕ್ಕಲ್ಲ. ಅದರಲ್ಲಿ ಸ್ಕಾಟ್ ಲಫಾರೊ ಅವರ ಬೇಸ್ (ತಗ್ಗು ದನಿಯ ದೊಡ್ಡ ತಂತಿವಾದ್ಯ) ಮತ್ತು ಪಿಯಾನೊ ಒಂದಕ್ಕೊಂದು ಮಾತಾಡಿಕೊಳ್ಳುವ ಭಾಗ ಇದೆ. ಅಡುಗೆಮನೆಯಲ್ಲಿ ಅದು ಚೆನ್ನಾಗಿ ಕೇಳುತ್ತದೆ. ಎಂಟು ಗಂಟೆಗೆ ಕೇಳುಗರು ಹೆದ್ದಾರಿಯಲ್ಲಿರುತ್ತಾರೆ. ಕಾರಿನ ಸದ್ದಿನಲ್ಲಿ ಬೇಸ್ ಮುಳುಗಿಹೋಗುತ್ತದೆ. ಮೂವತ್ತು ಸೆಕೆಂಡು ಏನೂ ಕೇಳದಿದ್ದರೆ ಸ್ಟೇಷನ್ ಕೆಟ್ಟಿದೆ ಅಂದುಕೊಂಡು ಬೇರೆ ಕಡೆ ತಿರುಗಿಸುತ್ತಾರೆ. ಬೇಸ್ ಸೋಲೊ ಎಷ್ಟೇ ಚೆಂದ ಇರಲಿ, ಎಂಟರ ನಂತರ ನಾನು ಹಾಕುವುದಿಲ್ಲ.

ಎಂಟಕ್ಕೆ ಬೇಕಾದದ್ದು ಬಿಗ್ ಬ್ಯಾಂಡ್, ಅಂದರೆ ಊದುವ ವಾದ್ಯಗಳೇ ಹೆಚ್ಚಿರುವ ದೊಡ್ಡ ತಂಡ. ಕೌಂಟ್ ಬೇಸಿ ಅವರ 1955ರ 'ಏಪ್ರಿಲ್ ಇನ್ ಪ್ಯಾರಿಸ್' ಇದ್ದರೆ ಟ್ರಾಫಿಕ್ ಕೂಡ ಹಗುರ ಅನಿಸುತ್ತದೆ. ಹೊಸಬರು ಇದರಲ್ಲಿ ಎಡವುತ್ತಾರೆ. ಹಾಡು ಮುಗಿದ ಹಾಗೆ ನಿಲ್ಲುತ್ತದೆ, ಬೇಸಿ 'ಇನ್ನೊಂದು ಸಲ' ಅನ್ನುತ್ತಾರೆ, ಬ್ಯಾಂಡ್ ಮತ್ತೆ ಎದ್ದು ನುಡಿಸುತ್ತದೆ. ಆಮೇಲೆ ಮತ್ತೊಮ್ಮೆ. ಗೊತ್ತಿಲ್ಲದವರು ಅಷ್ಟರಲ್ಲಿ ಮೈಕ್ ತೆರೆದಿರುತ್ತಾರೆ.

ಪಾಪ್‌ನಿಂದ ನಾನು ಜಾಸ್ತಿ ತರುವುದು ಸಂಗೀತ ಸಂಯೋಜಕ ಬರ್ಟ್ ಬ್ಯಾಕರಾಕ್ ಅವರನ್ನು. 'ಐ ಸೇ ಎ ಲಿಟಲ್ ಪ್ರೇಯರ್' ಶುರುವಾಗುವುದೇ ಎದ್ದ ಗಳಿಗೆಯಲ್ಲಿ. 1967ರ ಡಿಯಾನ್ ವಾರ್ವಿಕ್ ಇದೆ, 1968ರ ಅರೀಥಾ ಫ್ರಾಂಕ್ಲಿನ್ ಇದೆ. ಎರಡೂ ಒಳ್ಳೆಯವು. ಏಳಕ್ಕೆ ವಾರ್ವಿಕ್, ಎಂಟೂವರೆಗೆ ಅರೀಥಾ. ಡೇವ್ ಬ್ರೂಬೆಕ್ ತಂಡದ ಜಾಝ್ ಕೃತಿ 'ಟೇಕ್ ಫೈವ್' ಮಾತ್ರ ಯಾವ ಹೊತ್ತಿಗೂ ಸರಿ. ಖಂಡ ಛಾಪು ಗೊತ್ತಿರುವವರು ತೊಡೆ ತಟ್ಟಿ ನೋಡಿ. ಐದೇ ಎಣಿಕೆ, ಆದರೆ ನಮ್ಮದು 2+3, ಇದು 3+2.

ಗಡಿಯಾರವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಪ್ರತಿ ಗಂಟೆಗೆ ಸರಿಯಾಗಿ ವಾರ್ತೆ ಬರುತ್ತದೆ. ಅದಕ್ಕೂ ಮೊದಲು ಕೇಂದ್ರದ ಹೆಸರು, ಊರು ಹೇಳಲೇಬೇಕು, ಅದು ಇಲ್ಲಿನ ಕಾನೂನು. ಹಾಗಾಗಿ ಗಂಟೆಯ ಕೊನೆಗೆ ಯಾವಾಗಲೂ ಮಾತಿಲ್ಲದ ಹಾಡು ಇಡುತ್ತೇನೆ. ವಾದ್ಯವನ್ನು ಮೆಲ್ಲಗೆ ತಗ್ಗಿಸಬಹುದು. ಹಾಡುವವರ ಮಾತನ್ನು ಅರ್ಧಕ್ಕೆ ಕತ್ತರಿಸುವುದು ನನಗೆ ಅವಮರ್ಯಾದೆ ಅನಿಸುತ್ತದೆ. ಇಂಟರ್‌ನೆಟ್‌ನಲ್ಲೂ ಪ್ರಸಾರ ಮಾಡುವುದರಿಂದ ಇನ್ನೊಂದು ನಿಯಮ ಇದೆ. ಮೂರು ಗಂಟೆಯೊಳಗೆ ಒಬ್ಬ ಕಲಾವಿದರ ನಾಲ್ಕಕ್ಕಿಂತ ಹೆಚ್ಚು ಹಾಡು ಹಾಕುವಂತಿಲ್ಲ. ಏಪ್ರಿಲ್ 25 ಎಲ್ಲಾ ಫಿಟ್ಸ್‌ಜೆರಾಲ್ಡ್ ಹುಟ್ಟಿದ ದಿನ. ಅವತ್ತು ಅವರ ದನಿಯಲ್ಲಿ ನಾಲ್ಕು ಹಾಕುತ್ತೇನೆ. ಉಳಿದ ಹೊತ್ತೆಲ್ಲ ಅವರು ಹಾಡಿದ್ದನ್ನೇ ಬೇರೆಯವರು ನುಡಿಸಿದ್ದು.

ಆರು ಗಂಟೆಗೆ ಮೊಟ್ಟಮೊದಲು ಏನು? ಎಷ್ಟೋ ದಿನ ಅಹ್ಮದ್ ಜಮಾಲ್ ಅವರ 'ಪಾಯಿನ್ಸಿಯಾನಾ'. 1958ರ ಜನವರಿಯಲ್ಲಿ ಷಿಕಾಗೊದ ಪರ್ಷಿಂಗ್ ಹೋಟೆಲ್‌ನಲ್ಲಿ, ಜನರ ಮುಂದೆ ನುಡಿಸಿದ್ದು. ಡ್ರಮ್ಸ್ ಮೆತ್ತಗೆ ಒಂದೇ ಸಮನೆ ಹೋಗುತ್ತದೆ, ಪಿಯಾನೊ ಬೇಕಾದಷ್ಟೇ ಮಾತಾಡುತ್ತದೆ. ಕಿವಿಗೊಟ್ಟರೆ ಆ ಕೋಣೆಯಲ್ಲಿ ಕೂತ ಜನರೂ ಕೇಳಿಸುತ್ತಾರೆ. ಆ ಹೊತ್ತಿಗೆ ಒಬ್ಬರೇ ಎದ್ದು, ಒಬ್ಬರೇ ಕಾಫಿ ಮಾಡಿಕೊಳ್ಳುವವರು ನನ್ನ ಕೇಳುಗರಲ್ಲಿ ಬಹಳ ಜನ. ನಾನು ಮೈಕ್ ತೆರೆಯುವ ಮೊದಲು ಎಂಟು ನಿಮಿಷ ಅವರ ಅಡುಗೆಮನೆಯಲ್ಲಿ ಆ ಜನ ಇರುತ್ತಾರೆ.